ಮಧ್ಯಾಹ್ನಕ್ಕೆ ಸಾಯುತ್ತಿದ್ದ ದನಿ

ಕಾಚಿಗೂಡದ ನಮ್ಮ ಮನೆಯಲ್ಲಿ ಅಣ್ಣ ತಮ್ಮ ಇಬ್ಬರೂ ಮಾತು ಬಿಟ್ಟಿದ್ದ ವರ್ಷವೇ ನಾನು ಒಬ್ಬಳೇ ಬೆಸುಗೆ ಹಾಕಿ ಮೊದಲ ಸಲ ಒಂದು ಯಂತ್ರ ಮಾಡಿದೆ. ಅಣ್ಣ ಎಂದರೆ ನನ್ನ ಅಪ್ಪ. ತಮ್ಮ ಎಂದರೆ ಶಿವು ಕಾಕಾ. ಅಪ್ಪನಿಗಿಂತ ಬಹಳ ಚಿಕ್ಕವನು, ಮದುವೆಯಾಗದವನು, ಗಿಟಾರ್ ಬಾರಿಸುವವನು. ಅಪ್ಪ ಉಪ್ಪಲ್ ಕಡೆಯ ಒಂದು ಸರಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದರು. ಬೇರೆಯವರು ಜೋಡಿಸಿದ ಪೆಟ್ಟಿಗೆಗಳಲ್ಲಿ ದೋಷ ಹುಡುಕುವುದು ಅವರ ಕೆಲಸ, ಮತ್ತು ಆ ಕೆಲಸವನ್ನು ಅವರು ಕಾರ್ಖಾನೆಯ ಗೇಟಿನಲ್ಲಿ ಬಿಟ್ಟು ಬರುತ್ತಿರಲಿಲ್ಲ. ಹೊಸ್ತಿಲು ದಾಟುವಾಗಲೇ ಗೋಡೆಯ ಕ್ಯಾಲೆಂಡರು ಓರೆಯಾಗಿರುವುದು, ನನ್ನ ಜಡೆಯ ರಿಬ್ಬನ್ ಒಂದು ಉದ್ದ ಒಂದು ಗಿಡ್ಡ ಇರುವುದು ಅವರ ಕಣ್ಣಿಗೆ ಬಿದ್ದುಬಿಡುತ್ತಿತ್ತು. ತಮ್ಮನಲ್ಲಿ ಅವರಿಗೆ ಕಂಡ ದೋಷ ಮಾತ್ರ ಕ್ಯಾಲೆಂಡರಿನಂತೆ ಸರಿಪಡಿಸಿ ಮುಂದೆ ಹೋಗುವಂಥದ್ದಾಗಿರಲಿಲ್ಲ. ಊರೆಲ್ಲ ಅಲೆದು, ಯಾರ್ಯಾರ ಮುಂದೆಯೋ ಕೈಕಟ್ಟಿ ನಿಂತು ಅಪ್ಪ ಕೊಡಿಸಿದ್ದ ಗುಮಾಸ್ತಿಕೆಯನ್ನು ಕಾಕಾ ಒಂದು ಮುಂಜಾನೆ ಬಿಟ್ಟುಬಂದು, ಮದುವೆಗಳಲ್ಲಿ ಸಿನಿಮಾ ಹಾಡು ಬಾರಿಸುವ ಆರ್ಕೆಸ್ಟ್ರಾ ಸೇರುತ್ತೇನೆಂದು ಹೇಳಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಮಾತಿಲ್ಲ ಎಂದರೆ ಮನೆ ಮೌನವಾಗಿತ್ತು ಎಂದಲ್ಲ. ಒಂದೇ ಸೂರಿನ ಕೆಳಗೆ ಇರುವವರಿಗೆ ನೀರು, ನಳ, ಚಪ್ಪಲಿ, ಬೀಗದ ಕೈ ಹೀಗೆ ದಿನಕ್ಕೆ ನೂರು ವಿಷಯ ಇರುತ್ತವೆ. ಅವೆಲ್ಲ ನನ್ನ ಮೂಲಕ ಓಡಾಡುತ್ತಿದ್ದವು. ಇಬ್ಬರೂ ಪಡಸಾಲೆಯಲ್ಲಿ ಎದುರುಬದುರು ಕುಳಿತಿರುತ್ತಿದ್ದರು, ನಾನು ನಡುವೆ.

“ಸರೂ, ನಿಮ್ಮ ಕಾಕಾಗ ಹೇಳು, ಬಚ್ಚಲದಾಗಿನ ನಳಾ ಬಂದ್ ಮಾಡಿಲ್ಲಂತ.”

“ಸರೂ, ಅಣ್ಣಾಗ ಹೇಳು, ಬಂದ್ ಮಾಡೇನಿ. ವಾಶರ್ ಹೋಗೇತಿ.”

ನಾನು ಬಾಯಿ ತೆರೆಯುವ ಅಗತ್ಯವೇ ಇರುತ್ತಿರಲಿಲ್ಲ, ಸುಮ್ಮನೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಮುಖ ತಿರುಗಿಸಿದರೆ ಸಾಕಿತ್ತು. ಊಟವೂ ಹಾಗೆಯೇ. ಕಾಕಾ ಮೊದಲು ಉಂಡು ಎದ್ದು ಹೋಗುತ್ತಿದ್ದ, ಅಪ್ಪ ಆಮೇಲೆ ಬಂದು ಕೂರುತ್ತಿದ್ದರು. ಆಯಿ, ಅಂದರೆ ಅವರಿಬ್ಬರ ತಾಯಿ, ಎರಡೂ ಪಂಕ್ತಿಗೆ ಅಡುಗೆಮನೆಯ ಬಾಗಿಲಲ್ಲೇ ಕುಳಿತಿದ್ದು, ಇಬ್ಬರ ತಟ್ಟೆಗೂ ಒಂದೇ ಭಾಂಡೆಯಿಂದ ಪುಂಡಿಪಲ್ಯ ಬಡಿಸುತ್ತಿದ್ದಳು. ಸೋಮವಾರ ಮಾತ್ರ ಅವಳ ಲಿಂಗಪೂಜೆ ಮುಗಿಯುವವರೆಗೆ ಯಾರೂ ಉಣ್ಣುವಂತಿಲ್ಲ. ಅಂದು ಇಬ್ಬರೂ ಹಸಿದು ಒಟ್ಟಿಗೆ ಕೂರಲೇಬೇಕಾಗುತ್ತಿತ್ತು. ಆಯಿ ಸೋಮವಾರದ ಪೂಜೆಯನ್ನು ವಾರವಾರವೂ ಸ್ವಲ್ಪ ಉದ್ದ ಮಾಡುತ್ತಿದ್ದಾಳೆ ಎಂದು ಅವ್ವನಿಗೆ ಅನುಮಾನವಿತ್ತು.

ನಮ್ಮದು ಸ್ಟೇಷನ್ನಿನ ಹಿಂದಿನ ಗಲ್ಲಿಯ ಬಾಡಿಗೆ ಮನೆ. ಗದಗಿನ ಕಡೆಯ ನೆಂಟರು ರೈಲಿಳಿದು ನಡೆದುಕೊಂಡೇ ಬಂದುಬಿಡುತ್ತಿದ್ದರು. ಕೆಳಗೆ ನೆಲಕ್ಕೆಲ್ಲ ಶಹಾಬಾದಿ ಫರಸಿ. ಬೇಸಿಗೆಯ ಮಧ್ಯಾಹ್ನ ಆಯಿ, ಅವ್ವ, ನಾನು ಆ ಕಲ್ಲಿಗೆ ಬೆನ್ನು ಹಚ್ಚಿ ಮಲಗುತ್ತಿದ್ದೆವು. ಪಡಸಾಲೆಯ ಮೂಲೆಯಲ್ಲಿ ಮರಳಿನ ಮೇಲೆ ಕುಡಿಯುವ ನೀರಿನ ಹರವಿ. ಅದರ ಸುತ್ತಲಿನ ಕಲ್ಲು ಯಾವಾಗಲೂ ಕಪ್ಪಗೆ ತೇವವಾಗಿರುತ್ತಿತ್ತು. ಮಾಳಿಗೆಯ ಮೇಲೆ ತಗಡು ಹೊದಿಸಿದ ಒಂದೇ ಒಂದು ಕೋಣೆ. ಮನೆಯ ಮಾಲೀಕ ಅದನ್ನು ಹಳೆಯ ಸಾಮಾನಿಗೆಂದು ಕಟ್ಟಿಸಿದ್ದ. ಮಾತು ಬಿಟ್ಟ ಮೇಲೆ ಕಾಕಾ ತನ್ನ ಹಾಸಿಗೆ, ಗಿಟಾರ್, ಮೈಕ್‌ಸೆಟ್ಟಿನ ಅಂಗಡಿಯಿಂದ ತಂದ ಹಳೆಯ ಆಂಪ್ಲಿಫೈಯರ್ ಎಲ್ಲ ಹೊತ್ತುಕೊಂಡು ಅಲ್ಲಿಗೆ ಏರಿಬಿಟ್ಟಿದ್ದ. ಗಿಟಾರಿನ ದನಿ ಕೆಳಗೆ ಕೇಳಬಾರದು ಎಂಬುದು ಅಪ್ಪ ನನ್ನ ಮೂಲಕ ಕಳಿಸಿದ್ದ ಹುಕುಂ.

ಆ ಬೇಸಿಗೆ ನಾನು ಹತ್ತನೇ ತರಗತಿಯ ಪರೀಕ್ಷೆ ಬರೆದು ಮುಗಿಸಿದ್ದೆ. ಮುಂದೆ ಪಾಲಿಟೆಕ್ನಿಕ್ ಸೇರಿ ಎಲೆಕ್ಟ್ರಾನಿಕ್ಸ್ ಓದಬೇಕೆಂದು ನನ್ನ ಆಸೆ. ಆಸೆ ಹುಟ್ಟಿದ್ದು ಅಪ್ಪನಿಂದಲೇ. ಭಾನುವಾರ ಅವರು ಪಡಸಾಲೆಯಲ್ಲಿ ನೆರೆಹೊರೆಯವರ ರೇಡಿಯೋ ಬಿಚ್ಚಿಕೊಂಡು ಕೂತಾಗ, ತಂತಿ ಹಿಡಿಯುತ್ತಾ ಹಿಡಿಯುತ್ತಾ ನಾನು ಕೆಲಸ ಕಲಿತಿದ್ದೆ. ಒಳ್ಳೆಯ ಬೆಸುಗೆ ಹೊಳೆಯುತ್ತದೆ, ಬೂದುಬಣ್ಣಕ್ಕೆ ತಿರುಗಿದ್ದರೆ ಅದು ಹಿಡಿದಿಲ್ಲ ಎಂಬುದು ನನಗೆ ಹತ್ತನೇ ವಯಸ್ಸಿಗೇ ಗೊತ್ತಿತ್ತು. ಆದರೆ ಪಾಲಿಟೆಕ್ನಿಕ್ ಎಂದಾಗ ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

“ನಮ್ಮ ಫ್ಯಾಕ್ಟರ್‍ಯಾಗ ಹುಡುಗ್ಯಾರು ಅದಾರ. ದಿನಾ ಕೂತು ತಂತಿ ಸುತ್ತತಾರ. ಅದಕ್ಕ ಪಾಲಿಟೆಕ್ನಿಕ್ ಯಾಕ ಬೇಕು? ಕಾಮರ್ಸ್ ತಗೋ.”

ತಂತಿ ಸುತ್ತುವವರ ಕೆಲಸವನ್ನು ತಪಾಸಿಸುವವಳು ನಾನೇ ಆಗಬಹುದಲ್ಲ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಅಂದು ಆಡಲಿಲ್ಲ.

ಅಬಿಡ್ಸ್‌ನಲ್ಲಿ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕಗಳ ರಾಶಿ ಬೀಳುತ್ತದೆ. ಅಲ್ಲಿ ಕಾಕಾನಿಗೆ ಒಂದು ವಿದೇಶಿ ಎಲೆಕ್ಟ್ರಾನಿಕ್ಸ್ ಮಾಸಪತ್ರಿಕೆ ಸಿಕ್ಕಿತು. ಅದರ ನಡುಪುಟದಲ್ಲಿ ಗಿಟಾರಿನ ದನಿಯನ್ನು ಹರಿದು ದಪ್ಪ ಮಾಡುವ ಒಂದು ಡಬ್ಬಿಯ ನಕ್ಷೆ. ಫಜ್ ಪೆಡಲ್ ಎಂದು ಅದರ ಹೆಸರು. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲೆ ಇಡಬೇಕು. ಕಾಲಿನಿಂದ ಒತ್ತಿದರೆ ಸಾದಾ ದನಿ ಹೋಗಿ ಆ ದನಿ ಬರುತ್ತದೆ. ಆಗಿನ ಹೊಸ ಸಿನಿಮಾ ಹಾಡುಗಳಲ್ಲಿ ಎಲ್ಲೆಲ್ಲೂ ಆ ದನಿಯೇ. ಅದನ್ನು ಬಾರಿಸಬಲ್ಲವನಿಗೆ ಆರ್ಕೆಸ್ಟ್ರಾಗಳಲ್ಲಿ ಬೇಡಿಕೆ. ಡಬ್ಬಿ ನಮ್ಮ ಊರಿನ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ನಕ್ಷೆ ನೋಡಿದೆ. ಎರಡೇ ಟ್ರಾನ್ಸಿಸ್ಟರ್, ಅದೂ ಹಳೆಯ ಕಾಲದ ಜರ್ಮೇನಿಯಂ ಜಾತಿಯವು. ಉಳಿದಂತೆ ಬೆರಳೆಣಿಕೆಯ ಬಿಡಿಭಾಗ, ಒಂದು ಸಣ್ಣ ಬ್ಯಾಟರಿ.

“ಕಾಕಾ, ಇದನ್ನ ನಾ ಮಾಡ್ತೀನಿ.”

“ಖರೇನ?”

“ನಮ್ಮ ರೇಡಿಯೋಕಿಂತ ಸಣ್ಣದೈತಿ ಇದು.”

ಬಿಡಿಭಾಗಗಳು ಕೋಠಿಯ ಗುಜರಾತಿ ಗಲ್ಲಿಯಲ್ಲಿ ಸಿಕ್ಕವು, ಟ್ರಾನ್ಸಿಸ್ಟರುಗಳು ಒಂದು ಸತ್ತ ರೇಡಿಯೋದಲ್ಲಿ. ಲೋಹದ ಡಬ್ಬಿ ಬೇಕಿತ್ತು. ಅಪ್ಪ ಕೆಲಸಕ್ಕೆ ಒಯ್ಯುವುದನ್ನು ಬಿಟ್ಟಿದ್ದ ಒಂದು ಅಲ್ಯುಮಿನಿಯಂ ಊಟದ ಡಬ್ಬಿ ಅಟ್ಟದಲ್ಲಿತ್ತು. ಅವ್ವ ಅದನ್ನು ಇಳಿಸಿಕೊಟ್ಟಳು. ನಾನು ಅದಕ್ಕೆ ತೂತು ಕೊರೆದು ಸ್ವಿಚ್ಚು ಕೂರಿಸುವವರೆಗೆ ಸುಮ್ಮನಿದ್ದ ಆಯಿ, ಕಾಕಾ ಅದರ ಮೇಲೆ ಕಾಲಿಟ್ಟು ಒತ್ತಿ ನೋಡಿದಾಗ ಎದ್ದು ಬಂದಳು.

“ಅನ್ನಾ ಕಟ್ಟಿಕೊಂಡು ಹೋದ ಡಬ್ಬಿ ಅದು. ಅದರ ಮ್ಯಾಲೆ ಕಾಲು ಇಡತೀರಿ?”

ಕಾಕಾ ಕಾಲು ಹಿಂದೆಗೆದ. ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು:

“ಅತ್ತಿ, ಅದಕ್ಕ ಸುತ್ತಲೂ ತೂತು ಬಿದ್ದಾವ್ರಿ. ಇನ್ನ ಅದರಾಗ ಅನ್ನಾ ನಿಂದರೂದಿಲ್ಲ. ಡಬ್ಬಿ ಅಲ್ಲ ಅದು ಈಗ.”

ಆಯಿ ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಒಳಗಿನಿಂದ ವಿಭೂತಿ ತಂದು ಮುಚ್ಚಳಕ್ಕೆ ಮೂರು ಗೆರೆ ಎಳೆದು, ಇಷ್ಟು ದಿನ ನನ್ನ ಮಗನಿಗೆ ಉಣಿಸಿದ್ದೀ, ಇನ್ನು ನಿನ್ನ ಕೆಲಸ ಬೇರೆ ಎಂದು ಅದಕ್ಕೆ ನೇರವಾಗಿ ಹೇಳಿ, ಕೈಮುಗಿದು, ಸೆರಗಿನಿಂದ ವಿಭೂತಿ ಒರೆಸಿಬಿಟ್ಟಳು. ಅಲ್ಲಿಗೆ ಅದರ ಮೇಲೆ ಕಾಲಿಡಲು ಪರವಾನಗಿ ಸಿಕ್ಕಿತು.

ಅಪ್ಪ ಕಾರ್ಖಾನೆಗೆ ಹೋದ ಹೊತ್ತು ನೋಡಿ ಆಂಪ್ಲಿಫೈಯರನ್ನು ಕೆಳಗಿಳಿಸಿಕೊಂಡು ಮೊದಲ ಸಲ ತಂತಿ ಜೋಡಿಸಿದೆವು. ಕಾಕಾ ಸ್ವಿಚ್ ಒತ್ತಿದ. ಗಿಟಾರಿನ ಸುಳಿವೇ ಇಲ್ಲ. ಒಂದು ಗುಂಯ್ ಶಬ್ದ, ಅದರ ಹಿಂದೆ ಸಣ್ಣಗೆ ಒಬ್ಬ ಗಂಡಸು ಉರ್ದುವಿನಲ್ಲಿ ಸುದ್ದಿ ಓದುತ್ತಿದ್ದ. ಆಯಿ ಕಿವಿ ಕೊಟ್ಟು ಕೇಳಿದಳು.

“ಶಿವೂನ ಗಿಟಾರದಾಗ ಬಾತ್ಮಿ ಬರಾಕತ್ತಾವು” ಎಂದು ಅವ್ವನನ್ನು ಕರೆದಳು.

ಕಾಕಾನ ಮುಖ ಇಳಿದುಹೋಯಿತು. ನನಗೆ ಮಾತ್ರ ಒಳಗೊಳಗೇ ಖುಷಿಯಾಗಿತ್ತು. ಏನೂ ಬರದಿದ್ದರೆ ಎಲ್ಲಿಂದ ಹುಡುಕಬೇಕೋ ತಿಳಿಯುತ್ತಿರಲಿಲ್ಲ. ರೇಡಿಯೋ ಹಿಡಿಯುತ್ತಿದೆ ಎಂದರೆ ಡಬ್ಬಿ ಜೀವಂತವಾಗಿದೆ, ಎಲ್ಲೋ ಅರ್ತಿಂಗ್ ಕೂಡಿಲ್ಲ ಎಂದು ಅರ್ಥ. ಅಪ್ಪ ರೇಡಿಯೋ ಬಿಚ್ಚಿದಾಗ ಮಾಡುತ್ತಿದ್ದಂತೆ ನಾನು ಕೊನೆಯಿಂದ ಶುರು ಮಾಡಿ, ದನಿ ಹೊರಗೆ ಹೋಗುವ ತೂತಿನಿಂದ ಒಳಗೆ ಬರುವ ತೂತಿನವರೆಗೆ ಒಂದೊಂದೇ ಕೂಡುವಿಕೆಯನ್ನು ಕಡ್ಡಿಯಿಂದ ಅಲುಗಿಸುತ್ತಾ ಹಿಂದೆ ಹಿಂದೆ ಬಂದೆ. ಡಬ್ಬಿಯ ಗೋಡೆಗೆ ಹೋಗುವ ತಂತಿಯ ಬೆಸುಗೆ ಬೂದುಬಣ್ಣಕ್ಕಿತ್ತು. ಅದನ್ನು ಕಾಯಿಸಿ ಮತ್ತೆ ಹಾಕಿದೆ. ಸುದ್ದಿ ಓದುವವನು ಹೊರಟುಹೋದ. ಕಾಕಾ ಒಂದೇ ತಂತಿ ಮೀಟಿದ. ಬಂದ ದನಿ ದಪ್ಪಗೆ, ಒರಟಾಗಿ, ತುದಿಯಲ್ಲಿ ಹರಿದುಕೊಂಡು, ನಿಲ್ಲದೆ ಎಳೆದುಕೊಂಡು ಹೋಯಿತು. ಹರವಿಯ ಮೇಲಿನ ತಟ್ಟೆ ಕಿಣಿಕಿಣಿ ಎಂದಿತು.

“ಇದನ್ನ, ಸರೂ” ಎಂದ ಕಾಕಾ. “ಇದನ್ನ ನಾ ಹುಡುಕಾಕತ್ತಿದ್ದೆ.”

ಮರುದಿನವೇ ಅವನು ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಸಿಕಂದರಾಬಾದಿಗೆ ಹೋದ. ಅಲ್ಲಿ ಒಂದು ಒಳ್ಳೆಯ ಆರ್ಕೆಸ್ಟ್ರಾ ಇತ್ತು. ಅದರ ಗಿಟಾರ್ ವಾದಕ ಸ್ಟ್ಯಾನ್ಲಿ ಮದ್ರಾಸಿಗೆ ಹೊರಟಿದ್ದ, ಜಾಗ ಖಾಲಿಯಾಗುವುದಿತ್ತು. ಮಧ್ಯಾಹ್ನ ಊಟದ ನಂತರ ತಾಲೀಮು. ಕಾಕಾ ಸಂಜೆ ವಾಪಸು ಬಂದವನೇ ಮೆಟ್ಟಿಲ ಮೇಲೆ ಕುಳಿತ. ಆರ್ಕೆಸ್ಟ್ರಾದ ಮಾಸ್ಟರ ಮುಂದೆ ಡಬ್ಬಿ ಒತ್ತಿದಾಗ ದನಿ ಒಂದು ಕ್ಷಣ ಬಂದು, ಕಿರುಗುಟ್ಟಿ, ತುಂಡುತುಂಡಾಗಿ ಸತ್ತಿತ್ತು. ಡಬ್ಬಿಯೊಳಗೆ ಕಪ್ಪೆ ಸಾಕಿದ್ದೀಯೇನು ಎಂದು ಮಾಸ್ಟರ್ ದಖನಿ ಉರ್ದುವಿನಲ್ಲಿ ಕೇಳಿದರಂತೆ. ಎಲ್ಲರೂ ನಕ್ಕರಂತೆ, ಸ್ಟ್ಯಾನ್ಲಿ ಒಬ್ಬನನ್ನು ಬಿಟ್ಟು. ಆದರೂ ಕಾಕಾನ ಕೈ ಅವರಿಗೆ ಹಿಡಿಸಿತ್ತು. ಬರುವ ವಾರದ ಭಾನುವಾರ ಒಂದು ಕ್ಲಬ್ಬಿನ ಹುಲ್ಲುಹಾಸಿನ ಮೇಲೆ ಕಾರ್ಯಕ್ರಮ, ಅಲ್ಲಿ ಬಾರಿಸಿ ತೋರಿಸು, ಹೊಸ ಹಾಡುಗಳಿಗೆ ಆ ದನಿ ಬೇಕೇ ಬೇಕು, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದಿದ್ದರು.

“ಆಗಲಿಲ್ಲಂದ್ರ ನಾ ಮುಂಬೈಗೆ ಹೊಕ್ಕೀನಿ, ಸರೂ. ಈ ಮನ್ಯಾಗ ಹಿಂಗ ಎಷ್ಟು ದಿನ ಇರೂದು? ಆಯಿಗೆ ಹೇಳಬ್ಯಾಡ.”

ಕಾಕಾ ಹೋದರೆ ಆಯಿಯ ಸೋಮವಾರಗಳು ಏನಾಗುತ್ತವೆ ಎಂದು ನಾನು ಯೋಚಿಸಿದೆ. ಡಬ್ಬಿ ಕಿತ್ತುಕೊಂಡು ಒಳಗೆ ಹೋದೆ.

ಕೆಳಗೆ, ಪಡಸಾಲೆಯಲ್ಲಿ, ಅದು ಚೆನ್ನಾಗಿಯೇ ಇತ್ತು. ಮೇಲೆ ತಗಡಿನ ಕೋಣೆಗೆ ಒಯ್ದರೆ ಸಾಯುತ್ತಿತ್ತು. ಹೊಸ ಬ್ಯಾಟರಿ ಹಾಕಿದೆ, ಮೇಲೆ ಸತ್ತಿತು. ಮೆಟ್ಟಿಲು ಏರುವಾಗ ಅಲುಗಾಡಿ ಯಾವುದೋ ಕೂಡುವಿಕೆ ಬಿಡುತ್ತಿರಬಹುದು ಎಂದು ಕೆಳಗೇ ಅದನ್ನು ಕುಲುಕಿ, ಚಮಚದಿಂದ ಬಡಿದು ನೋಡಿದೆ, ಏನೂ ಆಗಲಿಲ್ಲ. ತಂತಿಗಳನ್ನು ಒಂದೊಂದಾಗಿ ಬದಲಿಸಿದೆ. ಮೇಲಿನ ಕೋಣೆಯ ಕರೆಂಟಿನ ದೋಷವೇ ಎಂದುಕೊಂಡರೆ ಡಬ್ಬಿಗೆ ಕರೆಂಟಿನ ಸಂಬಂಧವೇ ಇಲ್ಲ, ಅದು ಬ್ಯಾಟರಿಯದ್ದು. ಸಾದಾ ಗಿಟಾರ್ ಅದೇ ಆಂಪ್ಲಿಫೈಯರಿನಲ್ಲಿ ಮೇಲೆಯೂ ಸರಿಯಾಗಿ ಕೇಳುತ್ತಿತ್ತು. ಆ ಕೋಣೆಯ ದಿಕ್ಕೇ ಸರಿಯಿಲ್ಲ, ಅದಕ್ಕೇ ಮಗ ಅಲ್ಲಿ ಸೊರಗುತ್ತಿದ್ದಾನೆ ಎಂದು ಆಯಿ ತೀರ್ಮಾನ ಕೊಟ್ಟಳು. ಕಾಕಾ ಕೂಡ ತಲೆಯಾಡಿಸಿದ. ನಾನು ಒಪ್ಪಲಿಲ್ಲ. ಇಷ್ಟು ಸಣ್ಣ ಡಬ್ಬಿಯೊಳಗೆ ಅಡಗಿಕೊಳ್ಳಲು ಜಾಗ ಎಷ್ಟಿರಬಹುದು, ಇವತ್ತಲ್ಲ ನಾಳೆ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯ ನನಗೆ ಎಲ್ಲಿಂದ ಬಂದಿತ್ತೋ, ಬಂದಿತ್ತು.

ಉತ್ತರ ಸಿಕ್ಕಿದ್ದು ಚಹಾದ ಕಪ್ಪು ಹಿಡಿದು ಮೆಟ್ಟಿಲು ಹತ್ತುವಾಗ. ಮುಂಜಾನೆ, ಇನ್ನೂ ಬಿಸಿಲು ಬಿದ್ದಿರಲಿಲ್ಲ. ಅಪ್ಪ ಕೆಳಗೆ ಸ್ನಾನಕ್ಕೆ ಹೋಗಿದ್ದ ಹೊತ್ತಿನಲ್ಲಿ ಕಾಕಾ ಮೇಲೆ ಸಣ್ಣ ದನಿಯಲ್ಲಿ ಬಾರಿಸಿಕೊಳ್ಳುತ್ತಿದ್ದ. ಬಾಗಿಲ ಬಳಿ ಬಂದಾಗ ಅದು ಸಾದಾ ಗಿಟಾರ್ ಅಲ್ಲ ಎಂಬುದು ಹೊಳೆಯಿತು. ಡಬ್ಬಿ ಒತ್ತಿಕೊಂಡೇ ಬಾರಿಸುತ್ತಿದ್ದಾನೆ, ದನಿ ಸಾಯುತ್ತಿಲ್ಲ. ಕೋಣೆ ಅದೇ, ಡಬ್ಬಿ ಅದೇ. ಹೊತ್ತು ಮಾತ್ರ ಬೇರೆ.

ಮಧ್ಯಾಹ್ನ ಕಾಕಾನನ್ನು ಮೇಲೆ ಬಾರಿಸಲು ಹಚ್ಚಿ, ನೆತ್ತಿಯ ಮೇಲೆ ತಗಡು ಸಿಡಿಯುವಂತೆ ಕಾಯುತ್ತಿದ್ದ ಆ ಕೋಣೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಕೂತೆ. ದನಿ ಕಿರುಗುಟ್ಟಲು ಶುರುವಾಯಿತು. ಸಾಮಾನೆಲ್ಲ ಕೆಳಗಿಳಿಸಿ ಡಬ್ಬಿಯನ್ನು ಹರವಿಯ ಪಕ್ಕ ತೇವದ ಕಲ್ಲಿಗೆ ಹಚ್ಚಿಟ್ಟೆವು. ಮೊದಲು ಸತ್ತೇ ಇತ್ತು. ಸ್ವಲ್ಪ ಹೊತ್ತಿಗೆ ಗಂಟಲು ಸರಿಪಡಿಸಿಕೊಂಡವರಂತೆ ಎರಡು ಸಲ ತೊದಲಿ, ಪೂರ್ತಿ ಬಾಯಿಬಿಟ್ಟಿತು. ಮತ್ತೆ ಮೇಲೆ, ಮತ್ತೆ ಕೆಳಗೆ. ಕಾಕಾ ಮೂರನೆಯ ಸಲ ಹೊರಲಾರೆ ಎಂದು ನೆಲದ ಮೇಲೆ ಉರುಳಿಕೊಂಡ. ನನಗೆ ಅಷ್ಟು ಸಾಕಿತ್ತು. ಈಗ ಕಾವು ತಿನ್ನುತ್ತಿರುವ ಭಾಗ ಯಾವುದು ಎಂಬುದೊಂದೇ ಉಳಿದಿತ್ತು.

ಮುಚ್ಚಳ ತೆಗೆದು, ಅಪ್ಪನ ಮೀಟರಿನ ಒಂದು ಕಡ್ಡಿಯನ್ನು ಡಬ್ಬಿಯ ಗೋಡೆಗೆ, ಇನ್ನೊಂದನ್ನು ಎರಡನೇ ಟ್ರಾನ್ಸಿಸ್ಟರಿನ ಕಾಲಿಗೆ ಹಚ್ಚಿದೆ. ಮೀಟರು ಮುಟ್ಟಲು ನನಗೆ ಮೊದಲಿನಿಂದಲೂ ಅಪ್ಪಣೆ ಇತ್ತು. ಆ ಜಾಗದಲ್ಲಿ ಬ್ಯಾಟರಿಯ ಒತ್ತಡದ ಸುಮಾರು ಅರ್ಧ ಇರಬೇಕು ಎಂದು ಪತ್ರಿಕೆಯಲ್ಲಿತ್ತು. ಮುಳ್ಳು ಸರಿಯಾಗಿ ಅಲ್ಲೇ ನಿಂತಿತ್ತು. ಸುಮ್ಮನೆ ಒಂದು ಯೋಚನೆ ಬಂದು, ಟ್ರಾನ್ಸಿಸ್ಟರಿನ ಸಣ್ಣ ಲೋಹದ ಟೋಪಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಹಿಡಿದೆ. ಮುಳ್ಳು ಜಾಗ ಬಿಟ್ಟು ಸರಿಯತೊಡಗಿತು. ನನ್ನ ಮೈಯ ಕಾವಿಗೆ. ಬೆರಳು ತೆಗೆದರೆ ನಿಧಾನವಾಗಿ ವಾಪಸು. ಮತ್ತೆ ಹಿಡಿದೆ, ಮತ್ತೆ ಸರಿಯಿತು. ಹಾಗೆ ಎಷ್ಟು ಹೊತ್ತು ಕೂತಿದ್ದೆನೋ, ಅಂದು ಶಿಫ್ಟ್ ಬೇಗ ಮುಗಿದು ಅಪ್ಪ ಬಂದದ್ದೇ ತಿಳಿಯಲಿಲ್ಲ. ತಲೆ ಎತ್ತಿದಾಗ ಅವರು ಬಾಗಿಲಲ್ಲಿದ್ದರು. ಪಡಸಾಲೆಯ ನಡುವೆ ನಿಷೇಧಿಸಿದ ಗಿಟಾರ್, ಆಂಪ್ಲಿಫೈಯರ್. ನೆಲದ ಮೇಲೆ ಮಾತು ಬಿಟ್ಟ ತಮ್ಮ. ಕಾಕಾ ಎದ್ದು ಗಿಟಾರ್ ಎತ್ತಿಕೊಂಡು ಮೆಟ್ಟಿಲ ಕಡೆ ನಡೆದ. ಅಪ್ಪ ಅವನ ಕಡೆ ನೋಡಲೇ ಇಲ್ಲ. ಅವರು ನೋಡುತ್ತಿದ್ದದ್ದು ಮೀಟರಿನ ಮುಳ್ಳನ್ನು. ಚಪ್ಪಲಿ ಕಳಚಿ ಬಂದು ನನ್ನೆದುರು ಕುಕ್ಕರುಗಾಲಿನಲ್ಲಿ ಕುಳಿತರು.

“ಯಾವ ಟ್ರಾನ್ಸಿಸ್ಟರ್ ಅದು?”

“ಜರ್ಮೇನಿಯಂ ಅಪ್ಪಾ. ಹಳೀ ರೇಡಿಯೋದಾಗಿಂದು.”

“ಹಿಡಿ ಮತ್ತ.”

ಹಿಡಿದೆ.

“ಬಿಡು. ಬಾಯಿಲೆ ಊದು.”

ಊದಿದೆ. ಮುಳ್ಳು ಬೇಗನೆ ತನ್ನ ಜಾಗಕ್ಕೆ ಬಂದಿತು.

“ಇದನ್ನ ಯಾರು ಹೇಳಿಕೊಟ್ರು ನಿನಗ?”

“ಯಾರೂ ಇಲ್ರಿ. ಮ್ಯಾಲೆ ಮಧ್ಯಾಹ್ನ ಸಾಯ್ತಿತ್ತು, ಮುಂಜಾನೆ ಸಾಯ್ತಿರಲಿಲ್ಲ. ಕಾವು ಇರಬೇಕು ಅನ್ನಿಸ್ತು. ಯಾವುದಕ್ಕ ಅಂತ ಹುಡುಕಾಕತ್ತಿದ್ದೆ.”

ಅಪ್ಪ ಬೆರಳಿನಿಂದ ಮೀಟರಿನ ಗಾಜು ಒರೆಸಿದರು. ಆಮೇಲೆ, ಅಲ್ಲಿಯವರೆಗೆ ಮನೆಯಲ್ಲಿ ಯಾರೊಂದಿಗೂ ಆಡದ ತಮ್ಮ ಕೆಲಸದ ಮಾತನ್ನು ನನ್ನ ಮುಂದೆ ಆಡಿದರು.

“ನಮ್ಮಲ್ಲೆ ಒಂದು ಭಟ್ಟಿ ಐತಿ. ತಯಾರಾದ ಪೆಟ್ಟಿಗಿ ಅದರಾಗ ಇಟ್ಟು ಕಾಯಿಸಿ ನೋಡ್ತೀವಿ. ತಣ್ಣಗ ಇದ್ದಾಗ ಎಲ್ಲಾ ಚಲೋನ ಇರತಾವು. ಕಾದ ಮ್ಯಾಲೆ ಯಾವುದು ನಿಲ್ಲತೈತಿ ಅನ್ನೂದು ನನ್ನ ಕೆಲಸ.” ಡಬ್ಬಿಯನ್ನು ತಿರುಗಿಸಿ ನೋಡಿ, ತಮ್ಮದೇ ಹಳೆಯ ಊಟದ ಡಬ್ಬಿ ಎಂದು ಗುರುತು ಹಿಡಿದು, ಮತ್ತೆ ಕೆಳಗಿಟ್ಟರು. “ಸಿಲಿಕಾನ್ ಟ್ರಾನ್ಸಿಸ್ಟರ್ ಹಾಕು. ಅದು ಕಾವಿಗೆ ಅಂಜೂದಿಲ್ಲ.”

ಸಿಲಿಕಾನ್ ಹಾಕಿದೆ. ನಕ್ಷೆಯಲ್ಲಿ ಬದಲಿಸಬೇಕಾದ್ದನ್ನು ಅಪ್ಪನೇ ಪೆನ್ಸಿಲಿನಿಂದ ಬರೆದುಕೊಟ್ಟರು. ಮಧ್ಯಾಹ್ನ, ತಗಡಿನ ಕೆಳಗೆ, ದನಿ ಅಲುಗಾಡದೆ ನಿಂತಿತು. ಕಾಕಾ ಒಂದು ಹಾಡಿನ ತುಂಡು ಬಾರಿಸಿ ನಿಲ್ಲಿಸಿದ. ನನ್ನ ಮುಖ ನೋಡಿದ. ಅವನು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು. ಮೊದಲಿನ ದನಿಯಲ್ಲಿ ಒಂದು ಮೆದು ಇತ್ತು. ಗಿಟಾರಿನ ವಾಲ್ಯೂಮ್ ಗುಂಡಿ ಇಳಿಸಿ ಸಣ್ಣಗೆ ಮೀಟಿದರೆ ಅದೂ ಸಣ್ಣಗಾಗುತ್ತಿತ್ತು. ಇದು ಹೇಗೆ ಮೀಟಿದರೂ ಒಂದೇ ಸಮ ಹಲ್ಲು ಕಡಿಯುತ್ತಿತ್ತು.

“ಚಲೋ ಐತಿ” ಎಂದ ಕಾಕಾ. “ಆದ್ರ ಅದಲ್ಲ ಇದು. ಇರಲಿ ಬಿಡು, ಇದರಾಗ ಬಾರಸ್ತೀನಿ.”

ನಾನು ಕೆಳಗೆ ಬಂದು ಅಪ್ಪನಿಗೆ ಹೇಳಿದೆ. ಈ ಸಲ ನಾನು ಯಾರ ಮಾತನ್ನೂ ಹೊತ್ತು ತಂದಿರಲಿಲ್ಲ.

“ಸಿಲಿಕಾನ್ ತೆಗೀತೀನ್ರಿ. ದನಿ ಬ್ಯಾರೆ ಆತು.”

“ಹರಕು ದನಿ ಅದು. ಹರಕಿನ್ಯಾಗ ಬ್ಯಾರೆ ಏನು ಇರತೈತಿ? ಕಾದಾಗ ನಿಲ್ಲತೈತೋ ಇಲ್ಲೋ?”

“ನಿಲ್ಲತೈತ್ರಿ. ಆದ್ರ ಬೇಕಾದ್ದು ಬರೂದಿಲ್ಲ. ಬ್ಯಾರೆ ಐತ್ರಿ, ನನಗ ಕೇಳಿಸ್ತು.”

ಅಪ್ಪನಿಗೆ ಎದುರು ಮಾತಾಡಿ ಅಭ್ಯಾಸವಿದ್ದವಳಲ್ಲ ನಾನು. ಆದರೆ ಅಂದು ನನ್ನ ದನಿ ನಡುಗಲಿಲ್ಲ, ಯಾಕೆಂದರೆ ನಾನು ಹೇಳುತ್ತಿದ್ದದ್ದು ನನ್ನ ಆಸೆಯಲ್ಲ, ಕಿವಿಯಾರೆ ಕೇಳಿದ್ದು. ಅಪ್ಪ ಪತ್ರಿಕೆ ಮಡಚಿದರು.

“ಹಂಗಾರ ಏನು ಮಾಡಾಕಿ?”

“ಕಾವಿಗೆ ಅದು ಜಾಗ ಬಿಡತೈತಿ. ಜಾಗಕ್ಕ ತರಾಕ ಒಂದು ಗುಂಡಿ ಹಾಕ್ತೀನಿ. ಅಂಗಿ ಗುಂಡಿ ಅಲ್ಲ, ರೇಡಿಯೋದ ಗುಂಡಿ ಹಂಗ. ತಿರುವಿದ್ರ ಮುಳ್ಳು ನಡುವ ಬರಬೇಕು.”

ನನ್ನ ತಮಾಷೆಗೆ ಅವರು ನಗಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನಾನು ಮತ್ತೆ ಗುಜರಾತಿ ಗಲ್ಲಿಗೆ ಹೋದೆ. ಅಂಗಡಿಯ ಕಟ್ಟೆಯ ಮೇಲೇ ಮೀಟರು ಹಚ್ಚಿ, ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು, ಮುಳ್ಳು ಕಡಿಮೆ ಸರಿದ ಎರಡನ್ನು ಆರಿಸಿಕೊಂಡೆ. ಮುಂಚೆ ಖಾಯಂ ಆಗಿದ್ದ ಒಂದು ರೆಸಿಸ್ಟರ್ ಕಿತ್ತು, ಅದರ ಜಾಗಕ್ಕೆ ತಿರುಗಿಸಬಹುದಾದದ್ದನ್ನು ಕೂರಿಸಿ ಗುಂಡಿಯನ್ನು ಹೊರಗೆ ತಂದೆ. ಮುಂಜಾನೆ ಎಲ್ಲಿ ದನಿ ಚೆನ್ನಾಗಿರುತ್ತದೋ ಅಲ್ಲಿ ಡಬ್ಬಿಯ ಮೇಲೆ ಮೊಳೆಯಿಂದ ‘ಮುಂ’ ಎಂದು ಕೆತ್ತಿದೆ. ತಗಡಿನ ಕೋಣೆಯಲ್ಲಿ ಮಧ್ಯಾಹ್ನ ಕೂತು ಇನ್ನೊಂದು ಜಾಗ ಹುಡುಕಿ ‘ಮ’ ಎಂದು ಕೆತ್ತಿದೆ. ಹಳೆಯ ದನಿ, ಆ ಮೆದುವಿನ ಸಮೇತ, ಈಗ ಬಿಸಿಲಿನಲ್ಲೂ ಉಳಿಯಿತು.

ಭಾನುವಾರ ಆಯಿ ತಾನೂ ಬರುತ್ತೇನೆಂದು ಹಟ ಹಿಡಿದಳು. ಅವಳನ್ನು ಸಿಕಂದರಾಬಾದಿಗೆ ಕರೆದೊಯ್ಯಲು ಒಬ್ಬ ಗಂಡಸು ಬೇಕು, ಕಾಕಾ ಮೊದಲೇ ಹೋಗಬೇಕು. ಹೀಗಾಗಿ ಅಪ್ಪ ಬರಲೇಬೇಕಾಯಿತು. ಆಯಿ ಅದನ್ನು ಲೆಕ್ಕ ಹಾಕಿಯೇ ಹಟ ಹಿಡಿದಿದ್ದಳು ಎಂದು ಈಗ ಅನಿಸುತ್ತದೆ. ಕ್ಲಬ್ಬಿನ ಹುಲ್ಲಿನ ಮೇಲೆ ಶಾಮಿಯಾನ, ಮಡಚುವ ಕುರ್ಚಿಗಳು, ಮುಂದೆ ಹಲಗೆಯ ವೇದಿಕೆ. ಅಪ್ಪ, ಅವ್ವ, ಆಯಿ ಹಿಂದಿನ ಸಾಲಿನಲ್ಲಿ ಕುಳಿತರು. ನಾನು ವೇದಿಕೆಯ ಪಕ್ಕದ ಬಿದಿರಿನ ಕಂಬಕ್ಕೆ ಒರಗಿ ನಿಂತೆ. ಮೊದಲ ಹಾಡುಗಳು ಸಲೀಸಾಗಿ ಹೋದವು. ಕಾಕಾ ಡಬ್ಬಿ ಒತ್ತಿದಾಗ ಕುರ್ಚಿಗಳ ಮೇಲಿದ್ದವರು ತಟ್ಟನೆ ತಲೆ ಎತ್ತಿದರು. ಮಾಸ್ಟರ್ ಹಾಡಿನ ನಡುವೆಯೇ ಅವನ ಕಡೆ ತಿರುಗಿ ನಕ್ಕರು.

ಹೊತ್ತು ವಾಲಿದಂತೆ ಬಿಸಿಲು ಶಾಮಿಯಾನದ ಅಂಚಿನ ಕೆಳಗೆ ನುಸುಳಿ ವೇದಿಕೆಯ ಮುಂಭಾಗಕ್ಕೆ ಬಿತ್ತು. ಡಬ್ಬಿ ಅಲ್ಲೇ ಇತ್ತು. ಅಲ್ಯುಮಿನಿಯಂ ಥಳಥಳ ಹೊಳೆಯುತ್ತಿರುವುದನ್ನು ನಾನು ನೋಡಿದ್ದೂ, ದನಿ ಒಡೆಯಲು ಶುರುವಾದದ್ದೂ ಒಟ್ಟೊಟ್ಟಿಗೇ. ಹೊಸ ಹಾಡು ಅದು, ಗಿಟಾರ್ ಒಂದರ ಮೇಲೆಯೇ ನಿಂತಿದ್ದ ಹಾಡು. ಕಾಕಾನ ಎರಡೂ ಕೈ ತಂತಿಯ ಮೇಲಿವೆ. ಬಗ್ಗಿ ಗುಂಡಿ ತಿರುವಲು ಆಗದು. ಅವನು ನನ್ನ ಕಡೆ ನೋಡಿದ.

ಅಷ್ಟು ಜನರ ಮುಂದೆ, ಲಂಗ ದಾವಣಿ ಉಟ್ಟ ಹುಡುಗಿ, ಹಿಂದಿನ ಸಾಲಿನಲ್ಲಿ ಅಪ್ಪ. ಇದೆಲ್ಲ ನನಗೆ ಆಮೇಲೆ ಹೊಳೆದದ್ದು. ಆಗ ತಲೆಯಲ್ಲಿದ್ದದ್ದು ಒಂದೇ, ಮುಳ್ಳು ಯಾವ ಕಡೆ ಸರಿದಿರುತ್ತದೆ ಎಂಬುದು. ವೇದಿಕೆ ಹತ್ತಿ ಕಾಕಾನ ಕಾಲ ಬಳಿ ಮಂಡಿಯೂರಿದೆ. ಲೋಹ ಮುಟ್ಟಿದರೆ ಸುಡುತ್ತಿತ್ತು. ‘ಮ’ ದಾಟಿ ಇನ್ನೂ ಸ್ವಲ್ಪ ಮುಂದಕ್ಕೆ, ಕಿವಿಗೊಟ್ಟು, ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದೆ. ದನಿ ತೊದಲಿತು, ಕೂಡಿಕೊಂಡಿತು, ಪೂರ್ತಿ ತೆರೆದುಕೊಂಡು ಶಾಮಿಯಾನದ ತುಂಬ ಹರಡಿತು. ಇಳಿದು ಹೋಗಲು ಎದ್ದವಳು ಮತ್ತೆ ಕುಳಿತೆ. ನಾನು ಸರಿದರೆ ಬಿಸಿಲು ಮತ್ತೆ ಡಬ್ಬಿಯ ಮೇಲೆ ಬೀಳುತ್ತಿತ್ತು. ಬಿಸಿಲಿಗೆ ಬೆನ್ನು ಮಾಡಿ, ನನ್ನ ನೆರಳು ಅದರ ಮೇಲೆ ಇರುವಂತೆ, ಹಾಡು ಮುಗಿಯುವವರೆಗೆ ಅಲ್ಲೇ ಕೂತಿದ್ದೆ.

ಕಾರ್ಯಕ್ರಮ ಮುಗಿದ ಮೇಲೆ ಅಪ್ಪ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ವೇದಿಕೆಯ ಹತ್ತಿರ ಬಂದರು. ಡಬ್ಬಿ ನೋಡಿದರು, ಬಿಸಿಲು ನೋಡಿದರು.

“ಬಿಸಲಾಗ ಯಾಕ ಇಟ್ಟಿ ಅದನ್ನ?”

ರೂಢಿಯಂತೆ ನಾನು ಕಾಕಾನ ಕಡೆ ಮುಖ ತಿರುಗಿಸಿದೆ. ರೂಢಿಯಂತೆ ಕಾಕಾ ನನ್ನ ಕಡೆ ನೋಡಿದ. ಆಮೇಲೆ ಇಬ್ಬರಿಗೂ ತಿಳಿಯಿತು: ಅಪ್ಪ ‘ಕಾಕಾಗ ಹೇಳು’ ಎಂದಿರಲಿಲ್ಲ.

“ಲಕ್ಷ್ಯಕ್ಕ ಬರಲಿಲ್ಲ, ಅಣ್ಣಾ” ಎಂದ ಕಾಕಾ.

“ಬರಬೇಕು” ಎಂದರು ಅಪ್ಪ. ಇಬ್ಬರೂ ಸೇರಿ ಆಂಪ್ಲಿಫೈಯರನ್ನು ಎರಡು ಕಡೆಯಿಂದ ಹಿಡಿದು ವೇದಿಕೆಯಿಂದ ಕೆಳಗಿಳಿಸಿದರು.

ಕಾಕಾ ಆ ಆರ್ಕೆಸ್ಟ್ರಾದಲ್ಲಿ ಅನೇಕ ವರ್ಷ ಬಾರಿಸಿದ. ಗುಮಾಸ್ತಿಕೆ ಬಿಟ್ಟದ್ದನ್ನು ಅಪ್ಪ ಕೊನೆಯವರೆಗೂ ಸರಿ ಎನ್ನಲಿಲ್ಲ. ನಳ, ಚಪ್ಪಲಿ, ಬೀಗದ ಕೈಗಳ ವಿಷಯ ಮಾತ್ರ ನೇರವಾಗಿ ಮಾತಾಡತೊಡಗಿದರು, ಜಗಳವನ್ನೂ ನೇರವಾಗಿಯೇ ಆಡಿದರು. ನಾನು ಆ ವರ್ಷವೇ ಪಾಲಿಟೆಕ್ನಿಕ್ ಸೇರಿದೆ, ಮುಂದೆ ಅಪ್ಪನಂತೆಯೇ ತಪಾಸಣೆಯ ಕೆಲಸದಲ್ಲಿ ನನ್ನ ವಯಸ್ಸು ಕಳೆದೆ. ಪಾಲಿಟೆಕ್ನಿಕ್ ಬಗ್ಗೆ ನಮ್ಮ ಮನೆಯಲ್ಲಿ ಮತ್ತೆ ಚರ್ಚೆಯೇ ಆಗಲಿಲ್ಲ. ಅದು ಆ ಸಂಜೆ ಹುಲ್ಲಿನ ಮೇಲೆಯೇ ಮುಗಿದುಹೋಗಿತ್ತು.

ಆ ಸಂಜೆ ನಾವು ಕ್ಲಬ್ಬಿನಿಂದ ಹೊರಡುವಾಗ ಸ್ಟ್ಯಾನ್ಲಿ ಬಂದಿದ್ದ. ಮದ್ರಾಸಿಗೆ ಹೋಗಲಿದ್ದ ಆ ಗಿಟಾರಿನವನು. ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, ಷರಟಿನ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡಿದ್ದ ಅಪ್ಪನನ್ನು ನೋಡಿ, ಇದನ್ನು ಮಾಡಿದವರು ಇವರೇ ಎಂದುಕೊಂಡ. ತನಗೂ ಒಂದು ಮಾಡಿಕೊಡುತ್ತೀರಾ ಸಾಹೇಬರೇ ಎಂದು ಹಿಂದಿಯಲ್ಲಿ ಕೇಳಿದ. ಅಪ್ಪ ತಾನಲ್ಲ ಎಂದು ತಲೆಯಲ್ಲಾಡಿಸಿ ನನ್ನ ಕಡೆ ಕೈ ತೋರಿಸಿದರು.

“ಇಸ್ಸೆ ಪೂಛೋ” ಎಂದರು. ಇವಳನ್ನು ಕೇಳು.

ಸ್ಟ್ಯಾನ್ಲಿ ನನ್ನತ್ತ ತಿರುಗಿದ. ಅವನು ಮತ್ತೆ ಕೇಳುವವರೆಗೆ ನಾನು ಕಾಯಲಿಲ್ಲ. ನೀವು ಬಾರಿಸುವುದು ಕಟ್ಟಡದ ಒಳಗೋ ಹೊರಗೋ, ಯಾವ ಹೊತ್ತಿನಲ್ಲಿ ಎಂದು ಕೇಳಿದೆ.